ಗಾಳಿ ಮಿಷನ್ನಿನ ಗಂಟೆ ಲೆಕ್ಕ

ಈ ವರ್ಷ ಯುಗಾದಿ ಕಳೆದ ಎರಡನೆಯ ವಾರ, ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯಲ್ಲಿ ಸಮೀಕ್ಷೆಗೆಂದು ಹೋದ ತೆಂಗಿನ ತೋಟವೊಂದರ ಮನೆಯಲ್ಲಿ, ಮಂಚದ ಪಕ್ಕ ಇಟ್ಟಿದ್ದ ಆಮ್ಲಜನಕದ ಯಂತ್ರವೊಂದನ್ನು ಗುರುತು ಹಿಡಿದೆ. ಅದರ ನೆತ್ತಿಯ ಮೇಲೆ ಒರೆಸಿದರೂ ಪೂರ್ತಿ ಹೋಗದ ಕುಂಕುಮದ ಕಲೆ ಇತ್ತು. ಹಿಡಿಕೆಗೆ ಕೆಂಪು ರೇಷ್ಮೆಯ ಎಳೆಯೊಂದನ್ನು ಮೂರು ಸುತ್ತು ಸುತ್ತಲಾಗಿತ್ತು. ಕುಂಕುಮವನ್ನು ಯಾರ ಮನೆಯಲ್ಲಾದರೂ ಇಟ್ಟಿರಬಹುದು. ಎಳೆಯ ತುದಿಗಳಿಗೆ ಗಂಟು ಹಾಕಿರಲಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಒಂದು ಮಾಡಲಾಗಿತ್ತು. ಹಾಗೆ ಹೊಸೆಯುತ್ತಿದ್ದವರನ್ನು ನಾನು ಹೋದ ಮಳೆಗಾಲವಿಡೀ ಹಿಂಬಾಲಿಸಿದ್ದೆ.

ನಾನು ಹಲವು ವರ್ಷ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ್ತಿಯಾಗಿದ್ದೆ. ಪತ್ರಿಕೆ ನಮ್ಮ ಆವೃತ್ತಿಯನ್ನು ನಿಲ್ಲಿಸಿದ ಮೇಲೆ ಸಮೀಕ್ಷೆಗಳ ಕೆಲಸ ಹಿಡಿದೆ. ಹೋದ ವರ್ಷದ್ದು ಮನೆಗಳ ಉರುವಲು ಮತ್ತು ಕರೆಂಟಿನ ಸಮೀಕ್ಷೆ. ಅಡುಗೆ ಯಾವುದರಲ್ಲಿ, ನೀರು ಕಾಯಿಸುವುದು ಯಾವುದರಲ್ಲಿ, ಕರೆಂಟು ಇದೆಯೇ, ನಿನ್ನೆ ಎಷ್ಟು ಗಂಟೆ ಇತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಒಂದೇ ಮನೆಗೆ ಮೂರು ಸಲ ಹೋಗಬೇಕು. ಮನೆಯವರು ಜಾಗ ಬದಲಿಸಿದರೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಳಗೆ ಎಲ್ಲಿದ್ದರೂ ಹುಡುಕಿಕೊಂಡು ಹೋಗಬೇಕು. ನನ್ನ ಪಾಲಿಗೆ ಬಂದ ಮನೆಗಳಲ್ಲಿ ಜಾಗ ಬದಲಿಸಿದ್ದು ಒಂದೇ. ಅದು ಗಂಗರತ್ನಮ್ಮನವರದು.

ಮೊದಲ ಸಲ ಅವರ ಮನೆಗೆ ಹೋದದ್ದು ಭೀಮನ ಅಮಾವಾಸ್ಯೆಯ ದಿನ. ದೊಡ್ಡಬಳ್ಳಾಪುರದ ನೇಕಾರರ ಬೀದಿ ಅದು. ಬೇರೆ ದಿನವಾದರೆ ಮಗ್ಗಗಳ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ತೊಳೆದು, ಹೂವಿಟ್ಟು, ಊದುಬತ್ತಿ ಹಚ್ಚಿ ಸುಮ್ಮನೆ ಬಿಡುತ್ತಾರೆ. ಬೀದಿಯುದ್ದಕ್ಕೂ ಹೆಂಗಸರು ಗಂಡಂದಿರ ಪಾದ ತೊಳೆದ ನೀರು ಬಾಗಿಲಿಗೆ ಬಂದಿತ್ತು. ತುಂತುರು ಮಳೆ ಹಿಡಿದಿತ್ತು.

ಆ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಮುಂದಿನ ಭಾಗದಲ್ಲಿ ಮೈದುನ ನಾಗರಾಜ, ಅವನ ಹೆಂಡತಿ ಪುಷ್ಪ, ಎರಡು ಮಗ್ಗ. ಹಿಂದಿನ ಒಂದೂವರೆ ಕೋಣೆಯಲ್ಲಿ ಗಂಗರತ್ನಮ್ಮ. ಗಂಡ ತೀರಿ ಒಂಬತ್ತು ವರ್ಷ. ಒಬ್ಬಳೇ ಮಗಳು ಸೌಮ್ಯ ಬೂದಿಗೆರೆ ಕಡೆ ಗಂಡನ ಜೊತೆ ಇದ್ದಳು. ಗಂಗರತ್ನಮ್ಮನ ಕೆಲಸ ಅಚ್ಚು ಕೆಚ್ಚುವುದು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದ ಎಳೆಗಳ ಸುತ್ತು, ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಬೆರಳು ಜಾರದಂತೆ ನಯವಾದ ಬೂದಿ ಬೇಕು. ಬೀದಿಯಲ್ಲಿ ಎಲ್ಲರ ಮನೆಗೂ ಗ್ಯಾಸು ಬಂದ ಮೇಲೆ ಬೂದಿಗಾಗಿ ಜನ ಬರುತ್ತಿದ್ದದ್ದು ಇವರ ಒಲೆಗೆ.

"ನಿಮಗೆ ಗ್ಯಾಸ್ ಇಲ್ವಾ?" ಎಂದು ಕೇಳಿದೆ.

"ಐತೆ ನೋಡಿ ಅಲ್ಲಿ." ಸಿಲಿಂಡರು ಮೂಲೆಯಲ್ಲಿತ್ತು, ಅದರ ಮೇಲೆ ಹಿತ್ತಾಳೆ ಬಿಂದಿಗೆ. "ಸೌಮ್ಯ ಬಂದಾಗ ಹಚ್ತೀನಿ. ಗ್ಯಾಸಲ್ಲಿ ಬೂದಿ ಬರುತ್ತಾ ಮೇಡಂ? ಬಂದ್ರೆ ಹೇಳಿ, ನಾಳೆನೇ ಒಲೆ ಒಡೆದಾಕ್ತೀನಿ."

ನಕ್ಕರು. ನಕ್ಕದ್ದು ಕೆಮ್ಮಾಯಿತು. ಕೆಮ್ಮು ನಿಲ್ಲಲು, ನಾನು ಎರಡು ಸಲ ಗಡಿಯಾರ ನೋಡುವಷ್ಟು ಹೊತ್ತು ಬೇಕಾಯಿತು. ತುಟಿ ನೇರಳೆಗೆ ತಿರುಗಿತ್ತು. ಅವರಿಗಾಗ ಐವತ್ತಾರು. ನಲವತ್ತು ವರ್ಷದ ಹೊಗೆ, ಅದರ ಮೇಲೆ ನೂಲಿನ ಧೂಳು. ಶ್ವಾಸಕೋಶದಲ್ಲಿ ಉಳಿದದ್ದು ಕಮ್ಮಿ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಹದಿನೈದು ಗಂಟೆಯಾದರೂ ಆಮ್ಲಜನಕ ಬೇಕು, ಇಲ್ಲದಿದ್ದರೆ ಹೃದಯ ಸೋಲುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದರು. ಊರಿನ ಧರ್ಮಸಂಸ್ಥೆಯೊಂದು, ಕೋವಿಡ್ ಕಾಲದಲ್ಲಿ ಬಂದಿದ್ದ ಯಂತ್ರಗಳಲ್ಲಿ ಒಂದನ್ನು ಬಾಡಿಗೆಯಿಲ್ಲದೆ ಕೊಟ್ಟಿತ್ತು. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಮೂಗಿನ ಕೊಳವೆಗೆ ಬಿಡುವ ಯಂತ್ರ. ಸಿಲಿಂಡರು ಬೇಡ, ಕರೆಂಟು ಮಾತ್ರ ಬೇಕು. ಬೀದಿಯವರು ಅದನ್ನು ಗಾಳಿ ಮಿಷನ್ನು ಎನ್ನುತ್ತಿದ್ದರು.

ಅದರ ಬೆನ್ನಿಗೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಅಂಕಿಗಳ ಹಾಗೆ ಉರುಳುವ ಒಂದು ಗಂಟೆ ಮೀಟರಿತ್ತು. ಯಂತ್ರ ಓಡಿದಷ್ಟು ಹೊತ್ತು ಮಾತ್ರ ಅದು ಓಡುತ್ತದೆ. ಕೊಟ್ಟ ದಿನ 2,310 ಇತ್ತೆಂದು ಸಂಸ್ಥೆಯವರು ಅಂಟಿಸಿದ ಚೀಟಿಯಲ್ಲಿತ್ತು. ನಾನು ಹೋದ ದಿನಕ್ಕೆ ಯಂತ್ರ ಬಂದು ಮೂವತ್ತು ದಿನ. ಮೀಟರು 2,640 ತೋರಿಸುತ್ತಿತ್ತು. ನಮೂನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಯಂತ್ರ ನಿಂತಿತ್ತು. ನೆತ್ತಿಯ ಮೇಲೆ ಹಸಿ ಕುಂಕುಮ, ಒಂದು ಎಸಳು ಸೇವಂತಿಗೆ.

"ಯಾಕೆ ಆಫ್ ಮಾಡಿದೀರಿ?"

"ಅಮಾವಾಸ್ಯೆ ಅಲ್ವಾ. ಮಗ್ಗಕ್ಕೂ ಮೋಟಾರೇ, ಇದಕ್ಕೂ ಮೋಟಾರೇ. ಒಂದಿನ ರೆಸ್ಟ್ ಕೊಟ್ರೆ ವರ್ಷ ಓಡ್ತದೆ."

ಗೋಡೆಯ ಆಚೆಯಿಂದ ಪುಷ್ಪ ಕೂಗಿದಳು. "ಅಕ್ಕ, ಸಾಯಂಕಾಲ ದೀಪ ಹಚ್ಚಿದ ಮೇಲೆ ಹಾಕ್ಕೊಡ್ತೀನಿ."

ಆಗ ತಿಳಿಯಿತು. ಯಂತ್ರದ ಸ್ವಿಚ್ಚು ಗೋಡೆಯ ಆ ಕಡೆ ಇತ್ತು.

ಮನೆ ಎರಡಾಗಿತ್ತು, ಮೀಟರು ಒಂದೇ ಉಳಿದಿತ್ತು. ಅದು ತೀರಿಹೋದ ಮಾವನ ಹೆಸರಿನಲ್ಲಿತ್ತು. ಸರ್ಕಾರದ ಬಿಟ್ಟಿ ಕರೆಂಟಿನ ಯೋಜನೆಯಲ್ಲಿ ಇನ್ನೂರು ಯೂನಿಟ್ಟಿನೊಳಗೆ ಇದ್ದರೆ ಬಿಲ್ಲಿನಲ್ಲಿ ಸೊನ್ನೆ. ದಾಟಿದರೆ ಪೂರ್ತಿ ಕಟ್ಟಬೇಕು. ಎರಡೂ ಭಾಗ ಸೇರಿ ಯಾವತ್ತೂ ನೂರಿಪ್ಪತ್ತು ದಾಟಿರಲಿಲ್ಲ. ಗಾಳಿ ಮಿಷನ್ನು ಮೂರು ಗಂಟೆ ಓಡಿದರೆ ಒಂದು ಯೂನಿಟ್ಟು. ಆ ತಿಂಗಳು ಇನ್ನೂರರ ಮೇಲೆ ಐದೋ ಆರೋ ಯೂನಿಟ್ಟು ಹೋಗಿತ್ತು. ಬಿಲ್ಲು ಬಂದ ಮರುದಿನ ನಾಗರಾಜ ಎಲೆಕ್ಟ್ರಿಷಿಯನ್ ಕರೆಸಿ, ಹಿಂದಿನ ಕೋಣೆಯ ವೈರನ್ನು ತನ್ನ ಕಡೆಯ ಒಂದು ಸ್ವಿಚ್ಚಿಗೆ ತಂದಿದ್ದ. ಅಲ್ಲಿಂದ ದಿನಕ್ಕೆ ಐದಾರು ಗಂಟೆ.

ನಾಗರಾಜ ಒರಟನಲ್ಲ. ಕುರ್ಚಿ ತಂದು ಹಾಕಿ, ನಾನು ಕೇಳುವ ಮೊದಲೇ ಹೇಳಿದ.

"ಅತ್ತಿಗೆಗೆ ಉಸಿರು ಬೇಡ ಅಂತ ಯಾರಂದ್ರು ಮೇಡಂ? ಎರಡು ಮಗ್ಗದಲ್ಲಿ ಒಂದು ನಿಂತು ನಾಲ್ಕು ತಿಂಗಳಾಯ್ತು. ಸೂರತ್ತಿಂದ ಸೀರೆ ಬಂದು ಬೀಳ್ತಾ ಐತೆ. ನಮ್ಮನ್ನ ಕೇಳೋರಿಲ್ಲ."

"ಮಗ್ಗದ ಮೀಟರು ಬೇರೆ ಇದೆಯಲ್ಲ?"

"ಅದರಿಂದ ಮನೆಗೆ ವೈರೆಳೆದ್ರೆ ಕೇಸು. ಪಕ್ಕದ ಬೀದೀಲಿ ಒಬ್ಬ ಎಳೆದು ಇದ್ದ ಕನೆಕ್ಷನ್ನೂ ಕಳ್ಕೊಂಡ."

"ಇವರಿಗೇ ಒಂದು ಮೀಟರು?"

"ಮನೆ ಇನ್ನೂ ನಮ್ಮಪ್ಪನ ಹೆಸರಲ್ಲೈತೆ. ಖಾತೆ ಭಾಗ ಆಗ್ಬೇಕು, ಅಕ್ಕಂದಿರು ಮೂರು ಜನ ಸೈನು ಹಾಕ್ಬೇಕು. ಇಬ್ಬರು ಹಾಕಿದ್ರು. ದೊಡ್ಡಕ್ಕ ಮಾತ್ರ, ಇವತ್ತು ಮೀಟರು ಅಂತೀರ, ನಾಳೆ ಮನೆ ಅಂತೀರ, ನಾ ಹಾಕಲ್ಲ ಅಂದ್ಬಿಟ್ಲು."

ನಮೂನೆಯ ಹದಿನಾಲ್ಕನೆಯ ಪ್ರಶ್ನೆ, ಮನೆಗೆ ವಿದ್ಯುತ್ ಸಂಪರ್ಕ ಇದೆಯೇ ಎಂಬುದು. ಇದೆ ಎಂದು ಗುರುತು ಹಾಕಿದೆ. ಹದಿನೈದನೆಯದು, ನಿನ್ನೆ ಎಷ್ಟು ಗಂಟೆ ಇತ್ತು ಎಂಬುದು. ಬೀದಿಯಲ್ಲಿ ಹಿಂದಿನ ದಿನ ಕರೆಂಟು ಹೋಗಿರಲಿಲ್ಲ. ನಿಯಮದ ಪ್ರಕಾರ ಇಪ್ಪತ್ತನಾಲ್ಕು ಎಂದು ಬರೆದೆ.

ಹೊರಡುವಾಗ ಗಂಗರತ್ನಮ್ಮ ಬಾಗಿಲವರೆಗೆ ಬಂದರು. ಆರು ಹೆಜ್ಜೆಗೆ ಎರಡು ಸಲ ನಿಂತರು.

"ನೀವು ಊರೂರು ನೋಡ್ತೀರ. ನಂದಗುಡಿ ಕಡೆ ಕರೆಂಟು ಹೆಂಗೆ? ನಮ್ಮಣ್ಣ ಅಲ್ಲವ್ನೆ. ಅವನಿಗೆ ಬಿಲ್ಲು ಸೊನ್ನೆನೇ ಬರೋದಂತೆ."

ಹಿಂದಿನ ವಾರವಷ್ಟೇ ನಂದಗುಡಿ ಹೋಬಳಿಯ ಆ ಊರಿನಲ್ಲಿ ಹದಿನೆಂಟು ಮನೆಗಳ ನಮೂನೆ ತುಂಬಿದ್ದೆ. ಹದಿನೆಂಟರಲ್ಲೂ ಮನೆಗೊಂದು ಮೀಟರು, ಬಳಕೆ ಕಮ್ಮಿ, ಹೆಚ್ಚುಕಮ್ಮಿ ಇಡೀ ದಿನ ಕರೆಂಟು.

"ಅಲ್ಲಿ ಚೆನ್ನಾಗಿದೆ. ಮೀಟರಿನ ಈ ರಗಳೆ ಇಲ್ಲ" ಎಂದೆ.

ಸಮೀಕ್ಷೆಯವರು ಸಲಹೆ ಕೊಡಬಾರದು ಎಂದು ತರಬೇತಿಯ ಮೊದಲ ದಿನವೇ ಹೇಳಿರುತ್ತಾರೆ. ಸುದ್ದಿಮನೆಯಲ್ಲೂ ಅದನ್ನೇ ಕಲಿತಿದ್ದೆ. ನಾನು ಆಡಿದ್ದು ಅಷ್ಟೇ ಮಾತು, ಅದೂ ಚಪ್ಪಲಿ ಮೆಟ್ಟುತ್ತಾ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಅವರು ಅಣ್ಣನ ಮನೆಗೆ ಹೋದರು. ನನಗೆ ತಿಳಿದದ್ದು ಎರಡು ತಿಂಗಳ ನಂತರ, ಎರಡನೆಯ ಸುತ್ತಿಗೆ ದೊಡ್ಡಬಳ್ಳಾಪುರಕ್ಕೆ ಹೋದಾಗ. ಹಿಂದಿನ ಕೋಣೆಗೆ ಬೀಗ ಬಿದ್ದಿತ್ತು. ಒಲೆಯ ಬೂದಿಯನ್ನು ಪುಷ್ಪ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಬೀದಿಯ ಹೆಂಗಸರು ಚಮಚದಲ್ಲಿ ಅಳೆದು ಒಯ್ಯುತ್ತಿದ್ದರಂತೆ.

"ಮೇಡಂ ಹೇಳಿದ್ರು, ಹಳ್ಳೀಲಿ ಕರೆಂಟು ಚೆನ್ನಾಗೈತಂತೆ ಅಂತ ಹೊರಟ್ರು" ಎಂದಳು ಪುಷ್ಪ. ತಪ್ಪು ಹೊರಿಸುವ ದನಿಯಲ್ಲ. ಕೇಳಿದ್ದನ್ನು ಹೇಳುವ ದನಿ.

ನಂದಗುಡಿಗೆ ಹೋದದ್ದು ಪಿತೃಪಕ್ಷದ ಕೊನೆಯಲ್ಲಿ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ರಾಗಿ ಹೊಲಗಳಲ್ಲಿ ನೀರು ನಿಂತಿತ್ತು. ಅಣ್ಣ ಮುನಿರಾಜುವಿನ ಮನೆ ಎಲ್ಲಿ ಎಂದು ಊರೊಳಗೆ ಕೇಳಿದೆ. ಡೇರಿ ಮುಂದೆ ಹಾಲು ಹಾಕಲು ನಿಂತಿದ್ದವರು ಊರ ಹೊರಗೆ ಕೈ ತೋರಿಸಿದರು. ಒಂದೂಕಾಲು ಕಿಲೋಮೀಟರ್ ಕೆಸರಿನ ದಾರಿ. ಕೊನೆಯಲ್ಲಿ ಬೋರ್‌ವೆಲ್ಲು, ಟೊಮೆಟೊ ಗಿಡ, ಹಸುವಿನ ಕೊಟ್ಟಿಗೆ, ಎರಡು ಕೋಣೆಯ ತೋಟದ ಮನೆ.

ಊರೊಳಗಿನ ಮನೆಗಳಿಗೆ ಕರೆಂಟು ಒಂದು ಲೈನಿನಲ್ಲಿ ಬರುತ್ತದೆ, ಬೋರ್‌ವೆಲ್ಲುಗಳಿಗೆ ಇನ್ನೊಂದು ಲೈನಿನಲ್ಲಿ. ತೋಟದ ಮನೆಗಳು ಬೋರ್‌ವೆಲ್ಲಿನ ಲೈನಿಗೆ ಸೇರಿದವು. ಅದರಲ್ಲಿ ಪೂರ್ತಿ ಕರೆಂಟು ಬರುವುದು ಪಂಪು ಓಡಿಸಲು ಬಿಡುವ ಕೆಲವು ಗಂಟೆ ಮಾತ್ರ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ಉಳಿದ ಹೊತ್ತು ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟು ಬಂದರೆ ಬಂತು. ವರದಿಗಾರ್ತಿಯಾಗಿದ್ದಾಗ ಈ ಕುರಿತು ಎರಡೋ ಮೂರೋ ಸುದ್ದಿ ಬರೆದಿದ್ದೆ. ಗಂಗರತ್ನಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ, ನಿಮ್ಮಣ್ಣನ ಮನೆ ಊರೊಳಗೋ ತೋಟದಲ್ಲೋ ಎಂದು ಕೇಳಲು ತೋಚಲಿಲ್ಲ. ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಯಂತ್ರವನ್ನು ಪ್ಲಾಸ್ಟಿಕ್ ಚೀಲ ಹೊದಿಸಿ ಮಣೆಯ ಮೇಲೆ ಇಟ್ಟಿದ್ದರು. ವೋಲ್ಟೇಜು ಬಿದ್ದರೆ ಅದು ಕೆಂಪು ದೀಪ ಹತ್ತಿಸಿ ಕೂಗಿಕೊಳ್ಳುತ್ತದೆ. ಶುರುವಿನಲ್ಲಿ ಅದು ಕೂಗಿದಾಗಲೆಲ್ಲ ಹಸು ಹಗ್ಗ ಎಳೆಯುತ್ತಿತ್ತಂತೆ. ಆಮೇಲೆ ಅದಕ್ಕೂ ಅಭ್ಯಾಸವಾಯಿತು. ಗಂಗರತ್ನಮ್ಮನ ಕಾಲು ಊದಿತ್ತು. ಒಂದು ವಾಕ್ಯ ಮುಗಿಸಲು ನಡುವೆ ಎರಡು ಕಡೆ ನಿಲ್ಲುತ್ತಿದ್ದರು.

"ಬನ್ನಿ ಮೇಡಂ. ಇಲ್ಲಿ ಬಿಲ್ಲು... ಸೊನ್ನೆನೇ. ಸುಳ್ಳಲ್ಲ."

ಮುನಿರಾಜು ತಲೆಗೆ ಗೋಣಿಚೀಲ ಹಾಕಿಕೊಂಡು ಕೊಟ್ಟಿಗೆಯಿಂದ ಬಂದ. ಅರವತ್ತು ದಾಟಿದ ಆಳು, ತಮಾಷೆಯ ಮಾತು.

"ನಮ್ಮ ರತ್ನಂಗೆ ಟೊಮೆಟೊ ಗಿಡದ ಜೊತೆಗೇ ಉಸಿರು ಬಿಡ್ತಾರೆ. ಪಂಪು ಆನ್ ಆದ್ರೆ ಇವಳೂ ಆನು. ಈ ವಾರ ರಾತ್ರಿ ಪಾಳಿ."

"ಊರೊಳಗಿನ ಲೈನು ಇಲ್ಲಿಗೆ ಎಳೆಸೋಕೆ ಆಗಲ್ವಾ?"

"ಎಳೆಸ್ಬೋದು. ಹತ್ತಿಪ್ಪತ್ತು ಕಂಬ ನಮ್ಮ ಖರ್ಚಲ್ಲೇ ನೆಡ್ಬೇಕು. ಈ ಜಮೀನು ಪ್ರಾಜೆಕ್ಟಿಗೆ ಹೋಗ್ತದೆ ಅಂತಾರೆ. ಒಂದಿನ ಹೋಯ್ತು ಅಂತಾರೆ, ಒಂದಿನ ಇಲ್ಲ ಅಂತಾರೆ. ಹೋಗೋ ಜಮೀನಿಗೆ ಕಂಬ ನೆಟ್ಟು ಏನ್ಮಾಡ್ಲಿ ಕಣವ್ವ?"

"ಊರೊಳಗೆ ಯಾರ ಮನೇಲಾದ್ರೂ ಇಡಬಹುದಲ್ಲ?"

"ಇಟ್ಟಿದ್ವಿ. ನಮ್ಮ ದೊಡ್ಡಪ್ಪನ ಮಗನ ಮನೇಲಿ ಹದಿನೈದು ದಿನ. ಪಿತೃಪಕ್ಷ ಬಂತಲ್ಲ, ಎಡೆ ಇಡೋ ಮನೇಲಿ ಕಾಯಿಲೆಯೋರು ಬೇಡ ಅಂದ್ರು. ಬಾಯಲ್ಲಿ ಅನ್ನಲಿಲ್ಲ. ಗೊತ್ತಾಗ್ತದಲ್ಲ."

ಅಡುಗೆ ಅಲ್ಲಿಯೂ ಸೌದೆಯಲ್ಲೇ. ಮುನಿರಾಜುವಿನ ಹೆಂಡತಿಗೆ ಮಂಡಿನೋವು. ಒಲೆಯ ಮುಂದೆ ಕೂರುತ್ತಿದ್ದವರು ಗಂಗರತ್ನಮ್ಮ. ನೀಲಗಿರಿ ತೋಪು ಕಡಿದಾದ ಮೇಲೆ ಒಣ ಸೌದೆ ಸಿಗುವುದು ಕಷ್ಟ. ಮಳೆಯಲ್ಲಿ ನೆನೆದ ಹಿಪ್ಪುನೇರಳೆ ಕಡ್ಡಿ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಬೆಂಕಿಯ ಹತ್ತಿರ ಆಮ್ಲಜನಕ ಅಪಾಯ, ಒಲೆಯ ಮುಂದೆ ಕೊಳವೆ ತೆಗೆದಿಡಿ ಎಂದು ಸಂಸ್ಥೆಯವರು ಹೇಳಿ ಕಳಿಸಿದ್ದರು. ಅವರು ತಪ್ಪದೆ ತೆಗೆದಿಡುತ್ತಿದ್ದರು. ಹೊಗೆ ಅತಿ ಹೆಚ್ಚಿರುವ ಹೊತ್ತಿನಲ್ಲಿ ಗಾಳಿ ಇರುತ್ತಿರಲಿಲ್ಲ.

"ಒಲೆ ಮುಂದೆ ನೀವ್ಯಾಕೆ ಕೂರ್ತೀರಿ?"

"ಉಣ್ಣೋ ಮನೇಲಿ... ಸುಮ್ನೆ ಕೂತ್ಕೊಂಡ್ರೆ... ಅನ್ನ ಇಳಿಯಲ್ಲ ಮೇಡಂ."

ಮೀಟರು 3,035. ಎರಡು ತಿಂಗಳಿಗೆ ಮುನ್ನೂರ ತೊಂಬತ್ತೈದು ಗಂಟೆ. ದಿನಕ್ಕೆ ಆರೂವರೆಯ ಲೆಕ್ಕ. ಹದಿನಾಲ್ಕನೆಯ ಪ್ರಶ್ನೆಗೆ ಇದೆ ಎಂದು ಬರೆದೆ. ಹದಿನೈದನೆಯದಕ್ಕೆ ಎಂಟು ಎಂದು ಬರೆದೆ. ಮಂದ ಬೆಳಕೂ ಸೇರಿ ಹಿಂದಿನ ದಿನ ಬಂದಿದ್ದು ಅಷ್ಟು.

ಆ ದಿನ ಮತ್ತೊಮ್ಮೆ ನಿಯಮ ಮೀರಿ, ಹೊರಡುವ ಮುನ್ನ ಸೌಮ್ಯಳಿಗೆ ಫೋನ್ ಮಾಡಿದೆ. ಅವಳು ಬೂದಿಗೆರೆ ರಸ್ತೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದಳು. ಗಂಡ ಮಂಜು ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ಕರ್ಕೊಂಡ್ ಬರ್ತೀನಿ ಮೇಡಂ. ನಮ್ ರೂಮಿಂದೂ ಹೇಳ್ಕೊಳ್ಳೋ ಹಂಗಿಲ್ಲ. ಆದ್ರೆ ನನ್ ಕಣ್ಮುಂದೆ ಇರ್ತಾರೆ."

ದಸರಾ ಮುಗಿಸಿ ಕರೆದೊಯ್ದಳು. ಟ್ಯಾಂಕರಿನ ಮುಂದಿನ ಸೀಟಿನಲ್ಲಿ, ಯಂತ್ರವನ್ನು ತೊಡೆಯ ಮೇಲೆ ಹಿಡಿದು, ಒಂದೂವರೆ ಗಂಟೆ. ಹೊರಡುವ ಮುನ್ನ, ಆಯುಧಪೂಜೆಗೆಂದು ತೊಳೆದಿಟ್ಟ ಗುದ್ದಲಿ ಕುಡುಗೋಲುಗಳ ಸಾಲಿನಲ್ಲಿ ಅದಕ್ಕೂ ಮತ್ತೆ ಕುಂಕುಮ ಇಟ್ಟಿದ್ದರು. ದೊಡ್ಡಬಳ್ಳಾಪುರದಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಕೆಂಪು ಎಳೆಯನ್ನು ಗಂಗರತ್ನಮ್ಮ ಹಿಡಿಕೆಗೆ ಸುತ್ತಿ ಹೊಸೆದದ್ದೂ ಆ ದಿನವೇ. ಸಂಸ್ಥೆಯ ಯಂತ್ರಗಳೆಲ್ಲ ಒಂದೇ ಥರ ಇರುತ್ತವೆ, ತಮ್ಮದು ಯಾವುದೆಂದು ಗೊತ್ತಿರಲಿ ಎಂದರಂತೆ.

ಮೂರನೆಯ ಸಲ ಅವರನ್ನು ಕಂಡದ್ದು ದೀಪಾವಳಿ ಕಳೆದು ಹತ್ತು ದಿನಕ್ಕೆ. ಮಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಸೌಮ್ಯ ಇದ್ದದ್ದು ಶೀಟಿನ ಮನೆಗಳ ವಠಾರದಲ್ಲಿ. ಹನ್ನೊಂದು ರೂಮು, ಒಂದು ಬಚ್ಚಲು, ಮಾಲೀಕನ ಹೆಸರಿನಲ್ಲಿ ಒಂದು ಮೀಟರು. ಬಿಟ್ಟಿ ಕರೆಂಟಿನ ಮಾತು ಅಲ್ಲಿಗೆ ಬಂದೇ ಇರಲಿಲ್ಲ. ರೂಮಿಗೊಂದು ಸಣ್ಣ ಮೀಟರು ಇಟ್ಟು ಮಾಲೀಕ ತನ್ನ ದರದಲ್ಲಿ ವಸೂಲು ಮಾಡುತ್ತಿದ್ದ. ಬಾಗಿಲಿಗೆ ನಿಯಮದ ಹಾಳೆ ಅಂಟಿಸಿದ್ದ. ಇಸ್ತ್ರಿ ಪೆಟ್ಟಿಗೆ ಇಲ್ಲ, ಹೀಟರ್ ಇಲ್ಲ, ಕರೆಂಟಿನ ಒಲೆ ಇಲ್ಲ. ಗಾಳಿ ಮಿಷನ್ನಿನ ಹೆಸರು ಹಾಳೆಯಲ್ಲಿರಲಿಲ್ಲ. ಹಾಗಾಗಿ ಮೊದಲ ವಾರ ಓಡಿತು. ಎರಡನೆಯ ವಾರ, ಹನ್ನೊಂದೂ ರೂಮಿನಲ್ಲಿ ಸಂಜೆ ದೀಪ ಹತ್ತಿದಾಗ ಫ್ಯೂಸು ಹಾರಿತು. ಮರುದಿನವೂ ಹಾರಿತು. ಮೂರನೆಯ ದಿನ ಮಾಲೀಕ ಪೆನ್ನು ತಂದು ಹಾಳೆಯ ಕೆಳಗೆ ಒಂದು ಸಾಲು ಸೇರಿಸಿದ.

ಎದುರಿಗೇ, ರಸ್ತೆಯ ಆ ಬದಿಗೆ, ಸೌಮ್ಯ ನೆಲ ಒರೆಸುವ ಕಟ್ಟಡ. ಊರಿಗೆಲ್ಲ ಕರೆಂಟು ಹೋದಾಗ ಅದರ ಲಿಫ್ಟು ನಿಲ್ಲುವುದಿಲ್ಲ, ಈಜುಕೊಳದ ದೀಪ ಆರುವುದಿಲ್ಲ. ಸೌಮ್ಯ ಸೂಪರ್‌ವೈಸರನ್ನು ಕೇಳಿದಳು. ಅವನು ಕೋಲಾರದ ಕಡೆಯ ಹುಡುಗ, ತಾಯಿಯನ್ನು ಕಳೆದುಕೊಂಡವನು.

"ನಾಲ್ಕ್ ದಿನ ಅಷ್ಟೇ ಅಕ್ಕ. ಯಾರ್ ಕೇಳಿದ್ರೂ ನಂಗ್ ಗೊತ್ತಿಲ್ಲ" ಎಂದಿದ್ದನಂತೆ.

ಬೇಸ್‌ಮೆಂಟಿನಲ್ಲಿ, ಪೊರಕೆ ಬಕೆಟ್ಟು ಇಡುವ ಕೋಣೆಯ ಬಾಗಿಲಿಗೆ, ಗೋಡೆಯ ಪ್ಲಗ್ಗಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಸೌಮ್ಯಳ ಕೆಲಸದ ಹೊತ್ತೇ ಅವರ ಹೊತ್ತು. ಬೆಳಗ್ಗೆ ಎಂಟರಿಂದ ಸಂಜೆ ಆರು. ಆ ಹತ್ತು ಗಂಟೆ ಯಂತ್ರ ಒಂದು ನಿಮಿಷವೂ ನಿಲ್ಲಲಿಲ್ಲ. ನಾನು ಹೋದಾಗ ಹದಿನೆಂಟನೆಯ ದಿನ. ತುಟಿಯ ನೇರಳೆ ಬಣ್ಣ ಹೋಗಿತ್ತು. ವಾಕ್ಯಗಳು ನಿಲ್ಲದೆ ಮುಗಿಯುತ್ತಿದ್ದವು. ಮಡಿಲಲ್ಲಿ ಯಾರೋ ಮನೆಯವರು ಕೊಟ್ಟ ಸೀರೆ. ಹರಿದ ಜಾಗದಲ್ಲಿ ಎಳೆಗೆ ಎಳೆ ಸೇರಿಸುತ್ತಿದ್ದರು.

"ಇಲ್ಲಿ ಬೂದಿ ಸಿಗಲ್ಲ ಮೇಡಂ. ಪೌಡರ್ ಹಾಕ್ಕೊಂಡು ಹೊಸೀತೀನಿ. ಘಮ ಘಮ ಅಂತದೆ ಸೀರೆ."

"ಈಗ ಪರವಾಗಿಲ್ವಾ?"

"ಕಾರುಗಳ ಗಾಳಿ ಒಂದು ಬಿಟ್ರೆ. ಕರೆಂಟು ಹೋಗಿ ಜನರೇಟರು ಓಡಿದ್ರೆ ಡೀಸೆಲ್ ಹೊಗೆ ಒಂಚೂರು ಒಳಗೆ ಬರ್ತದೆ. ಇರ್ಲಿ, ಹೊಗೆ ನಂಗೆ ಹೊಸದಾ?" ಮೂಗಿನ ಕೊಳವೆ ಸರಿಮಾಡಿಕೊಂಡರು. "ನಲವತ್ತು ವರ್ಷ ದೊಡ್ಡಬಳ್ಳಾಪುರದಲ್ಲಿದ್ದೆ, ಹುಟ್ಟಿದ್ದು ನಂದಗುಡೀಲಿ. ಎರಡೂ ಕಡೆ ಗಾಳಿ ಸಿಗ್ಲಿಲ್ಲ, ಇಲ್ಲಿ ಕಾರ್ ನಿಲ್ಸೋ ಜಾಗ್ದಲ್ಲಿ ಸಿಕ್ತು. ನಮ್ ನಾಗರಾಜಂಗೆ ಹೇಳಿ, ನಗ್ಲಿ."

ಮೀಟರು 3,340. ಅವರ ಮನೆ ಎಂದು ನಮೂನೆಗೆ ಸೇರಿಸಬೇಕಾದ್ದು ಶೀಟಿನ ರೂಮು. ಬೇಸ್‌ಮೆಂಟ್ ಮನೆಯಲ್ಲ, ಅಲ್ಲಿನ ಗಂಟೆಗಳು ಎಣಿಕೆಗೆ ಬರುವುದಿಲ್ಲ. ರೂಮಿಗೆ ಸಂಪರ್ಕ ಇದೆಯೇ ಎಂಬುದಕ್ಕೆ ಇದೆ ಎಂದು ಬರೆದೆ.

ನಾನಿನ್ನೂ ಅಲ್ಲಿರುವಾಗಲೇ ಕಾರು ನಿಲ್ಲಿಸಲು ಬಂದ ಒಬ್ಬರು ಗಾಜು ಇಳಿಸಿ ನೋಡಿದರು, ಫೋನ್ ಎತ್ತಿ ಒಂದು ಫೋಟೊ ತೆಗೆದುಕೊಂಡು ಲಿಫ್ಟಿಗೆ ಹೋದರು. ಗಂಗರತ್ನಮ್ಮ ಸೆರಗು ಸರಿಮಾಡಿಕೊಂಡರು.

ಮುಂದಿನದನ್ನು ಸೌಮ್ಯ ಫೋನಿನಲ್ಲಿ ಹೇಳಿದಳು. ಫೋಟೊ ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಕೆಲವರು ಪಾಪ ಎಂದರು. ಒಬ್ಬರು ಬಿಸ್ಕತ್ತು ಕಳಿಸಿದರು. ಬೇಸ್‌ಮೆಂಟಿನಲ್ಲಿ ಏನಾದರೂ ಆದರೆ ಯಾರು ಹೊಣೆ ಎಂದು ಒಬ್ಬರು ಕೇಳಿದರು. ಮರುದಿನ ಪ್ಲಗ್ಗಿಗೆ ಬೀಗದ ಮುಚ್ಚಳ ಬಂತು. ಸೂಪರ್‌ವೈಸರನ್ನು ಬೇರೆ ಕಟ್ಟಡಕ್ಕೆ ಹಾಕಿದರು.

"ವಾಪಸ್ ದೊಡ್ಡಬಳ್ಳಾಪುರಕ್ಕೆ?" ಎಂದೆ.

"ಚಿಕ್ಕಪ್ಪಂಗೆ ಫೋನ್ ಮಾಡಿದ್ದೆ ಮೇಡಂ. ಬನ್ರಿ ಅಂದ್ರು. ಅಮ್ಮನೇ ಬೇಡ ಅಂತವ್ರೆ. ಸ್ವಿಚ್ಚು ಆ ಕಡೆ ಇರೋ ಮನೆಗೆ ಹೋಗಲ್ಲ ಅಂತವ್ರೆ."

ಅಲ್ಲಿಂದ ಅವರು ಶೀಟಿನ ರೂಮಿನಲ್ಲೇ ಇದ್ದರು. ಮಾಲೀಕ ಕೆಲಸಕ್ಕೆ ಹೋದ ಹೊತ್ತು ನೋಡಿ ಪಕ್ಕದ ರೂಮಿನ ಒಡಿಶಾದ ಹೆಂಗಸು ತನ್ನ ಮೀಟರಿನಿಂದ ಕಿಟಕಿಯೊಳಗೆ ವೈರು ಕೊಡುತ್ತಿದ್ದಳಂತೆ. ಸಿಕ್ಕಿದ್ದು ಅಷ್ಟು. ಮಾರ್ಗಶಿರದ ಮೊದಲ ವಾರ, ಬೆಳಗ್ಗೆ ಒಂಬತ್ತೂವರೆಗೆ, ಸೌಮ್ಯ ಕೆಲಸದಲ್ಲಿದ್ದಾಗ ಗಂಗರತ್ನಮ್ಮ ತೀರಿಕೊಂಡರು. ಆಗ ವಠಾರಕ್ಕೆ ಕರೆಂಟು ಇತ್ತು. ವೈರು ಕಿಟಕಿಯಲ್ಲಿತ್ತು. ಪ್ಲಗ್ಗು ಕಳಚಿಟ್ಟಿತ್ತು. ಆ ಹೆಂಗಸಿನ ಸಣ್ಣ ಮೀಟರು ಹೆಚ್ಚು ಓಡಬಾರದೆಂದು ಅಮ್ಮನೇ ಆಗಾಗ ಕಳಚುತ್ತಿದ್ದರು ಎಂದಳು ಸೌಮ್ಯ.

ನಾಗರಾಜ ಬಂದು ಕಾರ್ಯ ಮಾಡಿದ. ಯಂತ್ರವನ್ನು ಸಂಸ್ಥೆಗೆ ಒಪ್ಪಿಸಿದ್ದೂ ಅವನೇ. ವಾಪಸಾತಿಯ ಚೀಟಿಯಲ್ಲಿ 3,402 ಎಂದಿದೆ. ನಾನು ಕೊನೆಯ ಸಲ ನೋಡಿದ ಮೇಲೆ ಇಪ್ಪತ್ತು ದಿನದಲ್ಲಿ ಅರವತ್ತೆರಡು ಗಂಟೆ. ಚೀಟಿಯ ಕೆಳಗೆ ಅವನು ಸೈನು ಮಾಡಿ, ಮಿಷನ್ನು ಚೆನ್ನಾಗಿದೆ, ಯಾವ ರಿಪೇರಿಯೂ ಇಲ್ಲ ಎಂದು ಬರೆದಿದ್ದಾನೆ.

ಸಮೀಕ್ಷೆಯ ಸಾರಾಂಶದಲ್ಲಿ ಗಂಗರತ್ನಮ್ಮನವರದು, ಮೂರೂ ಸುತ್ತಿನಲ್ಲಿ ವಿದ್ಯುತ್ ಮತ್ತು ಅನಿಲ ಸಂಪರ್ಕ ಎರಡೂ ಇದ್ದ ಮನೆ ಎಂದು ದಾಖಲಾಗಿದೆ. ಅಂಚಿನಲ್ಲಿ ಬರೆದ ಗಂಟೆಗಳನ್ನು ಕಂಪ್ಯೂಟರಿಗೆ ಏರಿಸಲು ಜಾಗವಿರಲಿಲ್ಲ.

ತ್ಯಾಮಗೊಂಡ್ಲು ಹತ್ತಿರದ ತೋಟದ ಮನೆಯಲ್ಲಿ ಯಂತ್ರ ಈಗ ರಂಗಸ್ವಾಮಯ್ಯ ಎಂಬ ಹಿರಿಯರಿಗೆ. ವರ್ಷಗಟ್ಟಲೆ ಅಡಿಕೆ ಬೇಯಿಸುವ ಒಲೆಗೆ ಸೌದೆ ನೂಕಿದವರು. ಹಿಡಿಕೆಯ ಎಳೆ ಯಾರು ಸುತ್ತಿದ್ದು ಎಂದು ಸೊಸೆಯನ್ನು ಕೇಳಿದೆ.

"ಬಂದಾಗ್ಲೇ ಇತ್ತು ಮೇಡಂ. ಬಿಚ್ಚೋಣ ಅಂತ ನೋಡ್ದೆ, ಗಂಟೇ ಸಿಗ್ಲಿಲ್ಲ."

"ಡಾಕ್ಟ್ರು ಎಷ್ಟು ಗಂಟೆ ಹಾಕಿ ಅಂದಿದ್ದಾರೆ?"

"ಹದಿನೈದು."

ಯಂತ್ರ ನಡುವೆ ಬೇರೆಲ್ಲೂ ಹೋಗದೆ ಸಂಸ್ಥೆಯಿಂದ ನೇರ ಆ ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಮೀಟರಿನಲ್ಲಿ 3,460 ಇತ್ತು. ಬೆಳಗ್ಗೆ ಏಳಕ್ಕೆ ಹೋದ ಕರೆಂಟು, ಮಧ್ಯಾಹ್ನ ಎರಡಕ್ಕೆ ನಾನು ಹೊರಡುವಾಗ ಬಂದಿರಲಿಲ್ಲ.